ಕಿಟಕಿ ಗಾಜಿನಾಚೆಯ ವರ್ಲೀನ್

ನಮ್ಮೂರಿನ ನಾಯಿಗಳಿಗೆ ಓಟಿನ ಹಕ್ಕು ಇದ್ದಿದ್ದರೆ ವರ್ಲೀನ್ ಶ್ರಾಗ್ ಯಾವತ್ತೋ ಮೇಯರ್ ಆಗಿಬಿಡುತ್ತಿದ್ದರು. ಕಾನ್ಸಾಸ್‌ನ ಗೋಧಿ ಹೊಲಗಳ ನಡುವಿನ ನಮ್ಮ ಪುಟ್ಟ ಊರಿಗೆ ಇರುವುದೇ ಒಂದು ಬ್ಯಾಂಕು. ಕಾರಿನಿಂದ ಇಳಿಯದೆ ವ್ಯವಹಾರ ಮುಗಿಸಿಕೊಳ್ಳುವ ಅದರ ಹಿಂಬದಿಯ ಕಿಟಕಿಯಲ್ಲಿ ವರ್ಲೀನ್ ಮೂವತ್ತಕ್ಕೂ ಹೆಚ್ಚು ವರ್ಷ ಕೂತಿದ್ದವರು. ನಾವು ಚೆಕ್ಕನ್ನು ಡಬ್ಬಿಯಲ್ಲಿಟ್ಟು ಗುಂಡಿ ಒತ್ತಿದರೆ ಅದು ಕೊಳವೆಯೊಳಗೆ ಸುಯ್ಯೆಂದು ಹೋಗಿ ಅವರ ಮುಂದೆ ಬೀಳುತ್ತದೆ. ಅವರು ನೋಟು, ರಶೀದಿ ತುಂಬಿ ವಾಪಸು ಕಳಿಸುತ್ತಾರೆ. ಕಾರಿನಲ್ಲಿ ಮಗುವಿದ್ದರೆ ಜೊತೆಗೊಂದು ಲಾಲಿಪಾಪ್, ನಾಯಿಯಿದ್ದರೆ ಬಿಸ್ಕತ್ತು. ಗಂಡಸರು ಮಾತ್ರ ಇದ್ದರೆ ಹವಾಮಾನದ ಸುದ್ದಿ.

ಊರಿನ ಮಟ್ಟಿಗೆ ವರ್ಲೀನ್ ಎಂದರೆ ಎದೆಯಿಂದ ಮೇಲಕ್ಕೆ ಮಾತ್ರ. ನೀಲಿ ಚೌಕಟ್ಟಿನ ಕನ್ನಡಕ, ಹಬ್ಬಕ್ಕೊಂದರಂತೆ ತಾವೇ ಹೆಣೆದುಕೊಂಡ ಸ್ವೆಟರು, ಸ್ಪೀಕರಿನಿಂದ ಸ್ವಲ್ಪ ಗೊಗ್ಗರಾಗಿ ಬರುವ ದನಿ. ಕಾರು ಬಂದು ನಿಂತರೆ ಅವರ ಮೊದಲ ಮಾತು ನಾಯಿಗೆ. ಮಾಲೀಕರ ಸರದಿ ಆಮೇಲೆ.

"ಏನೇ ಟ್ರಿಕ್ಸಿ, ನಿಮ್ಮಮ್ಮ ಕೂದಲು ಕತ್ತರಿಸ್ಕೊಂಡಿದಾಳೆ, ನಿಂಗೆ ಮೊದ್ಲೇ ಹೇಳಿದ್ಲಾ? ಯಾರು ಕತ್ತರಿಸಿದ್ದು, ಹುಲ್ಲು ಕೊಯ್ಯೋನಾ?"

ಇಂಥ ಮಾತಿಗೆ ಯಾರೂ ಸಿಟ್ಟಾಗುತ್ತಿರಲಿಲ್ಲ. ನಾಯಿಗೆ ಹೇಳಿದ ಮಾತಿಗೆ ಮನುಷ್ಯರು ಜಗಳ ತೆಗೆಯುವುದಾದರೂ ಹೇಗೆ? ಅರ್ಧ ಊರು ತನ್ನ ಬಗ್ಗೆ ಊರು ಏನು ಮಾತಾಡಿಕೊಳ್ಳುತ್ತಿದೆ ಎಂಬುದನ್ನು ಹೀಗೆ ತನ್ನ ನಾಯಿಯ ಮೂಲಕವೇ ತಿಳಿದುಕೊಳ್ಳುತ್ತಿತ್ತು.

ನನಗೆ ಈ ವರ್ಲೀನ್ ಹತ್ತಿರವಾದದ್ದು ಜಗಳ ಆಡಲು ಹೋಗಿ. ನಾನು ಟ್ವೈಲಾ, ಇದೇ ಊರಿನವಳು. ಕೆಲಸ ಪಕ್ಕದ ವಿಶ್ವವಿದ್ಯಾಲಯದ ಪಶು ಆಸ್ಪತ್ರೆಯಲ್ಲಿ. ಸಾಕುನಾಯಿ ಏನು ತಿಂದರೆ ಎಷ್ಟು ಆರೋಗ್ಯವಾಗಿರುತ್ತದೆ ಎಂದು ಸಂಶೋಧನೆ ಮಾಡುವ ವಿಭಾಗ ನಮ್ಮದು. ಸಂಶೋಧನೆ ಎಂದ ಕೂಡಲೇ ಜನ ಬಿಳಿ ಕೋಟು, ಗಾಜಿನ ನಳಿಕೆ ಎಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಬಂದದ್ದು ಮನೆಮನೆಗೆ ಹೋಗಿ ನಾಯಿಯ ಪಕ್ಕೆಲುಬು ತಡವುವುದು, ತೂಕ ನೋಡುವುದು, ಮಾಲೀಕರ ಸುಳ್ಳು ಕೇಳಿಸಿಕೊಳ್ಳುವುದು. ತೋರುಬೆರಳಿಗೆ ಪಕ್ಕೆಲುಬು ಸಿಕ್ಕರೆ ನಾಯಿ ಚೆನ್ನಾಗಿದೆ ಎಂದು ಅರ್ಥ. ಹುಡುಕಬೇಕಾಗಿ ಬಂದರೆ ಮನೆಯವರ ಪ್ರೀತಿ ಅತಿಯಾಗಿದೆ ಎಂದು ಅರ್ಥ. ನಮ್ಮ ಕಡೆ ಬಹುತೇಕ ಹುಡುಕಬೇಕು.

ಆ ವರ್ಷ ದಪ್ಪ ನಾಯಿಗಳ ತೂಕ ಇಳಿಸುವ ಹೊಸ ಆಹಾರವೊಂದನ್ನು ಪರೀಕ್ಷಿಸುತ್ತಿದ್ದೆವು. ಹೊಟ್ಟೆ ತುಂಬಬೇಕು, ಮೈ ತುಂಬಬಾರದು, ಅಂಥ ಆಹಾರ. ಆಹಾರ ನಮ್ಮದು, ನಾಯಿ ಅವರದು. ನಿಯಮ ಒಂದೇ. ತೂಕ ಮಾಡಿ ಹಾಕಿದ್ದರ ಹೊರತು ನಾಯಿಯ ಬಾಯಿಗೆ ಬೇರೇನೂ ಹೋಗಕೂಡದು.

ನಮ್ಮೂರಿನಿಂದ ಸೇರಿದ್ದವರಲ್ಲಿ ಲಾಯ್ಡ್ ಪೆಷೆಕ್ ಒಬ್ಬರು. ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಮನೆಯಲ್ಲಿ ಅವರು ಮತ್ತು ಡೆಪ್ಯುಟಿ ಎಂಬ ಹಳದಿ ಲ್ಯಾಬ್ರಡಾರ್. ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ಪೊಲೀಸಿನವನ ಗತ್ತಿನಲ್ಲಿ ಕೂರುತ್ತಿದ್ದುದಕ್ಕೆ ಆ ಹೆಸರು. ಅವನ ಹಿಂಗಾಲಿನ ಮಂಡಿಯೊಳಗೆ ಮೂಳೆಗಳನ್ನು ಬಿಗಿದು ಹಿಡಿಯುವ ಕಟ್ಟು ಹರಿದುಹೋಗಿತ್ತು. ಆಪರೇಷನ್ ಮಾಡಿದರೆ ನಡೆಯುತ್ತಾನೆ. ಆದರೆ ಅಷ್ಟು ತೂಕ ಹೊತ್ತ ನಾಯಿಗೆ ಮಾಡಿದರೆ ಹೊಲಿದ ಕಾಲೂ ನಿಲ್ಲುವುದಿಲ್ಲ, ಇನ್ನೊಂದೂ ಹೋಗುತ್ತದೆ, ಮೊದಲು ಇಳಿಸಿಕೊಂಡು ಬನ್ನಿ ಎಂದು ಸರ್ಜನ್ ಕಡ್ಡಿ ಮುರಿದಂತೆ ಹೇಳಿದ್ದರು. ಹಿಂಭಾಗ ಎತ್ತಲಾಗದ ದೊಡ್ಡ ನಾಯಿಯ ಕಥೆ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂಬುದು ಲಾಯ್ಡ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೊಂದು ಸೂಜಿ, ಮತ್ತೆ ಏಳದ ನಿದ್ದೆ.

ಅವರು ನಾಯಿಗೆ ಊಟ ಅಳೆಯುತ್ತಿದ್ದುದು ಪೆಟ್ರೋಲ್ ಬಂಕಿನಲ್ಲಿ ಕೋಲಾ ಕೊಡುವ ಬಕೆಟ್ಟಿನಂಥ ಲೋಟದಲ್ಲಿ. ನಾನು ಲೋಟ ಕಿತ್ತುಕೊಂಡು ತಕ್ಕಡಿ ಕೊಟ್ಟು ಬಂದೆ. ಪ್ರತಿ ಸೋಮವಾರ ಫೋನ್ ಮಾಡಿ ವಿಚಾರಿಸುತ್ತಿದ್ದೆ.

"ನಮ್ಮ ಆಹಾರ ಬಿಟ್ಟು ಬೇರೆ ಏನಾದ್ರೂ ಹಾಕಿದ್ರಾ ಲಾಯ್ಡ್?"

"ಏನೂ ಇಲ್ಲಮ್ಮ."

"ಚೀಸು? ಮಾಂಸದ ಚೂರು? ತಟ್ಟೆ ನೆಕ್ಕೋಕೆ ಬಿಟ್ರಾ?"

"ತಟ್ಟೆ ಈಗ ನಾನೇ ನೆಕ್ತಾ ಇದೀನಿ. ಅವನು ಹೊಟ್ಟೆ ಉರ್ಕೊಂಡು ನೋಡ್ತಾ ಕೂತಿರ್ತಾನೆ."

ಆದರೂ ಡೆಪ್ಯುಟಿಯ ತೂಕ ಜಪ್ಪಯ್ಯ ಎನ್ನಲಿಲ್ಲ. ಅವನೊಬ್ಬನೇ ಅಲ್ಲ. ಹೊಲದ ಮನೆಗಳ ನಾಯಿಗಳು ಚೆನ್ನಾಗಿ ಇಳಿಯುತ್ತಿದ್ದವು, ಊರೊಳಗಿನವು ಮಾತ್ರ ಇದ್ದಲ್ಲೇ ಇದ್ದವು. ನಮ್ಮ ವಿಭಾಗ ನಡೆಸುವ ಡಾಕ್ಟರಮ್ಮ ತಲೆ ಕೆಡಿಸಿಕೊಂಡರು. ಆಹಾರವೇ ಸರಿಯಿಲ್ಲವೇನೋ, ಊರಿನ ನೀರಿನಲ್ಲೇನಾದರೂ ಇದೆಯೇನೋ ಎಂದು ಬಾಟಲಿಯಲ್ಲಿ ನೀರು ಕೂಡ ತರಿಸಿಕೊಂಡರು. ಲಾಯ್ಡ್ ಕದ್ದು ತಿನ್ನಿಸುತ್ತಿದ್ದಾರೆ ಎಂದೇ ನಾನು ತೀರ್ಮಾನಿಸಿದ್ದೆ. ಮುಗ್ಧ ಮುಖದವರನ್ನು ನಂಬಬಾರದು ಎಂಬುದು ಈ ಕೆಲಸ ನನಗೆ ಕಲಿಸಿದ ವಿದ್ಯೆ.

ಒಂದು ಶುಕ್ರವಾರ ಚೆಕ್ಕು ಹಾಕಲೆಂದು ಬ್ಯಾಂಕಿನ ಹಿಂಬದಿಯ ಸಾಲಿನಲ್ಲಿ ನಿಂತೆ. ಮುಂದೆ ಲಾಯ್ಡ್ ಅವರ ಹಸಿರು ಪಿಕಪ್. ಕೊಳವೆ ಸುಯ್ಯೆಂದದ್ದೇ ತಡ, ಡೆಪ್ಯುಟಿ ಲಾಯ್ಡ್ ಅವರ ತೊಡೆ ತುಳಿದುಕೊಂಡು ಅರ್ಧ ಮೈಯನ್ನು ಕಿಟಕಿಯಿಂದಾಚೆ ಹಾಕಿದ. ಲಾಯ್ಡ್ ಡಬ್ಬಿ ತೆರೆದರು. ಕರುಂ ಕರುಂ ಸದ್ದು ನನ್ನ ಕಾರಿನವರೆಗೂ ಕೇಳಿಸಿತು. ಮೇಲಿಂದ ಸ್ಪೀಕರು ಪ್ರೀತಿ ಸುರಿಸಿತು.

"ಒಂದು ನಿಂಗೆ, ರಾಜಾ. ಇನ್ನೊಂದು ನಿನ್ನ ಕಾಲಿಗೆ. ಬೇಗ ವಾಸಿ ಆಗ್ಬೇಕು, ಆಯ್ತಾ?"

ನಾನು ಕಾರಿನಿಂದ ಇಳಿದು ದಡದಡ ಹೋಗಿ ಪಿಕಪ್ಪಿನ ಬಾಗಿಲು ಬಡಿದೆ.

"ಲಾಯ್ಡ್! ಏನ್ರೀ ಇದು?"

"ಯಾವುದು?"

"ಬಿಸ್ಕತ್ತು!"

"ಓ, ಅದಾ? ಅದು ಬ್ಯಾಂಕಿಂದು."

"ಏನೂ ಹಾಕಿಲ್ಲ ಅಂತ ಪ್ರತಿ ವಾರ ನನ್ನ ಹತ್ರ ಹೇಳ್ತಿದ್ರಲ್ಲ!"

ಲಾಯ್ಡ್ ನಿಜವಾಗಿಯೂ ಕಕ್ಕಾಬಿಕ್ಕಿಯಾದರು. "ನಾನು ಹಾಕಿಲ್ಲವಲ್ಲಮ್ಮ. ನಾನು ಏನು ಹಾಕ್ದೆ ಅಂತ ನೀನು ಕೇಳ್ತಿದ್ದೆ. ಬ್ಯಾಂಕು ಏನು ಹಾಕ್ತು ಅಂತ ಕೇಳ್ಳೇ ಇಲ್ವಲ್ಲ?"

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವತ್ತು ಸಂಜೆ ಊರೊಳಗಿನ ಉಳಿದ ಮಾಲೀಕರಿಗೆಲ್ಲ ಫೋನ್ ಮಾಡಿದೆ. ಒಬ್ಬೊಬ್ಬರೂ ಅದೇ ಧಾಟಿಯಲ್ಲಿ, "ಅಯ್ಯೋ, ಅದೂ ಲೆಕ್ಕಕ್ಕೆ ಬರುತ್ತಾ?" ಎಂದರು. ನಮ್ಮೂರಿನಲ್ಲಿ ಬ್ಯಾಂಕಿನ ಬಿಸ್ಕತ್ತು ತಿನಿಸಲ್ಲ, ಮರ್ಯಾದೆ. ಯಾರಾದರೂ ಕೈಕುಲುಕಿದ್ದನ್ನು ಊಟದ ಲೆಕ್ಕಕ್ಕೆ ಸೇರಿಸುತ್ತಾರೆಯೇ? ಲಾಯ್ಡ್ ಅಂತೂ ಬೆಳಗ್ಗೆ ನೋಟು ಕೊಟ್ಟು ಚಿಲ್ಲರೆ ತರುತ್ತಿದ್ದರು, ಮಧ್ಯಾಹ್ನ ಅದೇ ಚಿಲ್ಲರೆ ಕೊಟ್ಟು ನೋಟು ತರುತ್ತಿದ್ದರು. ನಾಯಿಗಾಗಿ ಎನ್ನುತ್ತಿದ್ದರು. ಇರಬಹುದು. ಆ ದೊಡ್ಡ ಬಿಸ್ಕತ್ತುಗಳನ್ನು ತಂದು ತೂಗಿ ನೋಡಿದರೆ, ಡೆಪ್ಯುಟಿ ಹೆಚ್ಚುಕಡಿಮೆ ಅರ್ಧ ದಿನದ ಊಟವನ್ನು ಬ್ಯಾಂಕಿನಲ್ಲೇ ಮುಗಿಸುತ್ತಿದ್ದ. ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನೀರಿನ ಬಾಟಲಿಗಳನ್ನೆಲ್ಲ ಗಿಡಕ್ಕೆ ಸುರಿದರು.

ವರ್ಲೀನ್‌ಗೆ ಹೇಳುವ ಕೆಲಸ ನನ್ನ ತಲೆಗೆ ಬಿತ್ತು. ಊಟದ ಹೊತ್ತಿಗೆ ಬ್ಯಾಂಕಿನ ಹಿಂದಿನ ಕೋಣೆಗೆ ಹೋದೆ. ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತ ಕೂತಿದ್ದವರು ನನ್ನ ಮಾತು ಮುಗಿಯುವಷ್ಟರಲ್ಲಿ ಅದನ್ನು ಕೆಳಗಿಟ್ಟಿದ್ದರು.

"ಹಾಗಾದ್ರೆ ಅವನು ಕುಂಟ್ತಾ ಇರೋದು ನನ್ನಿಂದಾನಾ?"

"ಹಾಗಲ್ಲ. ಆದ್ರೆ ಆಪರೇಷನ್ ಮುಂದೆ ಮುಂದೆ ಹೋಗ್ತಿರೋದು..." ಎಂದು ಶುರು ಮಾಡಿದೆ. ನಾನು ಒರಟು ಹೆಂಗಸು, ಎಂಥ ಮಾತನ್ನೂ ಮುಖಕ್ಕೆ ಹೇಳಿಬಿಡುವವಳು. ಆ ಮಾತು ಮಾತ್ರ ಪೂರ್ತಿ ಮಾಡಲಾಗಲಿಲ್ಲ.

"ಆಯ್ತು. ಇವತ್ತಿಂದ ಇಲ್ಲ. ನಿಮ್ಮ ಪರೀಕ್ಷೆಲಿರೋ ಯಾವ ನಾಯಿಗೂ ಇಲ್ಲ," ಎಂದರು ವರ್ಲೀನ್. ಸ್ಯಾಂಡ್‌ವಿಚ್ಚನ್ನು ಪಕ್ಕಕ್ಕೆ ಸರಿಸಿ, "ಟ್ವೈಲಾ, ನಾನೊಂದು ಕೇಳ್ಲಾ? ನಗಬಾರ್ದು ನೀನು," ಎಂದರು.

"ಕೇಳಿ."

"ನಾನು ಇಷ್ಟು ವರ್ಷದಲ್ಲಿ ಒಂದು ನಾಯೀನೂ ಮುಟ್ಟಿಲ್ಲ ಕಣೇ."

ಹುಟ್ಟಿದಾಗಿನಿಂದ ಅವರಿಗೆ ನಾಯಿಯ ರೋಮ ಆಗುವುದಿಲ್ಲವಂತೆ. ಹತ್ತಿರ ಹೋದರೆ ಕಣ್ಣು ಊದಿಕೊಂಡು, ಉಸಿರು ಕಟ್ಟುತ್ತದಂತೆ. ಅಪ್ಪನ ಹೊಲದಲ್ಲಿ ದನ ಕಾಯುವ ನಾಯಿಯಿತ್ತು, ಅಣ್ಣಂದಿರು ಅದರ ಮೇಲೆ ಬಿದ್ದು ಹೊರಳಾಡುತ್ತಿದ್ದರೆ ಇವರು ಅಡುಗೆಮನೆಯ ಒಳಗಿಂದ ನೋಡುತ್ತಿದ್ದರಂತೆ. ಬ್ಯಾಂಕು ಸೇರಿದ ಮೇಲೆ ಎದುರಿನ ಕೌಂಟರಿಗೆ ಬನ್ನಿ, ಸಂಬಳ ಹೆಚ್ಚು ಎಂದು ಎಷ್ಟೋ ಸಲ ಕರೆದರೂ ಅವರು ಹಿಂಬದಿ ಬಿಡಲಿಲ್ಲ. ಇದನ್ನೆಲ್ಲ ಹೇಳುವಾಗ ಅವರು ಮೇಜಿನ ಮೇಲಿನ ರೊಟ್ಟಿಯ ಚೂರುಗಳನ್ನು ಒಂದೆಡೆ ಗುಡ್ಡೆ ಹಾಕುತ್ತಿದ್ದರು.

"ಮಧ್ಯೆ ಗಾಜಿತ್ತು, ಹಾಗಾಗಿ ಇಡೀ ಊರಿನ ನಾಯಿಗಳು ನನ್ನವು ಅಂದ್ಕೊಂಡೆ. ಈಗ ಬಿಸ್ಕತ್ತು ನಿಂತ್ರೆ ಡೆಪ್ಯುಟಿ ನನ್ನ ಮುಖ ನೋಡ್ತಾನಾ? ಅವನಿಗೆ ಪ್ರೀತಿ ನನ್ನ ಮೇಲಾ, ಬಿಸ್ಕತ್ತಿನ ಮೇಲಾ?"

"ನಿಮ್ಮ ಮೇಲೇ. ನಾಯಿಗೆ ತಿಂಡಿಗಿಂತ ನಮ್ಮ ಮಾತೇ ಹೆಚ್ಚು," ಎಂದು ಥಟ್ಟನೆ ಹೇಳಿದೆ. ಮಾಲೀಕರಿಗೆಲ್ಲ ದಿನಾ ಹೇಳುವ ಮಾತು ಅದು. ನಿಜವೋ ಸುಳ್ಳೋ ಎಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆಮೇಲೆ ಡಾಕ್ಟರಮ್ಮನನ್ನು ಕೇಳಿದರೆ, "ಎರಡೂ ಒಟ್ಟಿಗೇ ಸಿಗ್ತಿತ್ತಲ್ಲ, ಒಂದನ್ನ ನಿಲ್ಲಿಸಿ ನೋಡದೆ ಏನೂ ಹೇಳೋಕಾಗಲ್ಲ" ಎಂದರು. ಪಾಪ, ವರ್ಲೀನ್ ಮೇಲೆ ಆ ಪ್ರಯೋಗ ಆಗಲೇ ಶುರುವಾಗಿತ್ತು.

ಮೊದಲ ದಿನ ಡೆಪ್ಯುಟಿ ಡಬ್ಬಿಯೊಳಗೆ ಮೂತಿ ತೂರಿಸಿ ನೋಡಿದನಂತೆ. ಖಾಲಿ. ಗಾಜಿನ ಕಡೆಗೊಮ್ಮೆ, ಕೊಳವೆಯ ಕಡೆಗೊಮ್ಮೆ ನೋಡಿ ಬೊಗಳಿದನಂತೆ. ವರ್ಲೀನ್ ರಾಜಾ, ಬಂಗಾರ, ಚಿನ್ನ ಎಂದು ಇರುವ ಬಿರುದುಗಳನ್ನೆಲ್ಲ ಕೊಟ್ಟರೂ ಅವನ ಕಣ್ಣು ಡಬ್ಬಿಯ ಮೇಲೇ. ವಾರ ಕಳೆಯುವಷ್ಟರಲ್ಲಿ ಕೊಳವೆ ಸುಯ್ಯೆಂದರೂ ಏಳದೆ, ಸೀಟಿನಲ್ಲಿ ಮುದುರಿ ಮಲಗಿ ಮುಖ ಆಚೆ ತಿರುಗಿಸತೊಡಗಿದ.

ವರ್ಲೀನ್ ಲಾಯ್ಡ್‌ಗೆ ಮೈಕಿನಲ್ಲೇ ಹೇಳಿದರು. "ಅವನನ್ನ ಇಲ್ಲಿಗೆ ಕರ್ಕೊಂಡ್ ಬರಬೇಡಿ ಲಾಯ್ಡ್. ಅವನಿಗೂ ಕಷ್ಟ, ನಂಗೂ ಕಷ್ಟ." ಮೈಕಾದ್ದರಿಂದ ಹಿಂದಿನ ಕಾರಿನವರಿಗೂ ಕೇಳಿಸಿತು. ಅವರಿಂದ ಊರಿಗೆ ಕೇಳಿಸಿತು.

ನಾನು ಕಿಟಕಿಗೆ ಹೋದಾಗ, "ನೋಡಿದ್ಯಾ? ನಾನಂದ್ರೆ ಅವನಿಗೆ ಒಂದು ಕೊಳವೆ, ಅಷ್ಟೆ" ಎಂದರು. ನಗುತ್ತಲೇ ಹೇಳಿದರು. ಪಕ್ಕೆಲುಬು ತಡವುವ ಕೈಗೆ ಇಂಥದ್ದಕ್ಕೆಲ್ಲ ಮದ್ದು ಗೊತ್ತಿರುವುದಿಲ್ಲ.

ಅವರು ಉಳಿದ ನಾಯಿಗಳಿಗೆ ಬಿಸ್ಕತ್ತು ಕಳಿಸುತ್ತಿದ್ದರು, ಆದರೆ ಮಾತು ಕಡಿಮೆಯಾಯಿತು. ಅಕ್ಟೋಬರಿನ ಹಬ್ಬಕ್ಕೆ ಹಾಕಿದ್ದ ಕುಂಬಳಕಾಯಿ ಚಿತ್ರದ ಸ್ವೆಟರು ಕ್ರಿಸ್‌ಮಸ್ ಹತ್ತಿರ ಬಂದರೂ ಬದಲಾಗಲಿಲ್ಲ. ಅತ್ತ ಡೆಪ್ಯುಟಿ ಮಾತ್ರ ಕರಗುತ್ತ ಬಂದ. ಸೊಂಟ ಕಾಣಿಸಿತು. ಒಂದು ದಿನ ನನ್ನ ಬೆರಳಿಗೆ ಪಕ್ಕೆಲುಬು ಸಿಕ್ಕಿಯೇಬಿಟ್ಟಿತು. ಅಲ್ಲಿಂದಲೇ ಬ್ಯಾಂಕಿಗೆ ಫೋನ್ ಮಾಡಿ ಕೂಗಿದೆ. "ಒಳ್ಳೇದಾಯ್ತು ಕಣೇ, ನಿಜಕ್ಕೂ ಒಳ್ಳೇದಾಯ್ತು," ಎಂದ ವರ್ಲೀನ್, ಕಾರು ಬಂತು ಎಂದು ಫೋನ್ ಇಟ್ಟರು. ನನಗೆ ಯಾವ ಕಾರಿನ ಸದ್ದೂ ಕೇಳಿಸಿರಲಿಲ್ಲ.

ಆಪರೇಷನ್ ನಮ್ಮ ಆಸ್ಪತ್ರೆಯಲ್ಲೇ ಆಯಿತು. ಕಾಲು ಚೆನ್ನಾಗಿ ಕೂತಿತು, ಸರ್ಜನ್ ಖುಷಿಯಾದರು. ಆದರೆ ಡೆಪ್ಯುಟಿ ಊಟ ಬಿಟ್ಟ. ಕಲ್ಲು ಹಾಕಿದರೂ ನುಂಗುತ್ತಿದ್ದ ನಾಯಿ ನಮ್ಮ ಆಹಾರ ಮೂಸಲಿಲ್ಲ, ಬೇಯಿಸಿದ ಕೋಳಿ ಮೂಸಲಿಲ್ಲ, ಡಾಕ್ಟರಮ್ಮ ತಮ್ಮ ಬುತ್ತಿಯಿಂದ ತೆಗೆದುಕೊಟ್ಟ ಚೀಸನ್ನೂ ಮೂಸಲಿಲ್ಲ. ನೋವಿನ ಔಷಧಿ ಬದಲಾಯಿಸಿದರು, ಪ್ರಯೋಜನವಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಲಾಯ್ಡ್ ಕರೆದರೆ ಬಾಲದ ತುದಿ ಮಾತ್ರ ಆಡಿಸುತ್ತಿದ್ದ.

"ನಾಳೆಯೊಳಗೆ ತಿನ್ನದಿದ್ರೆ ಮೂಗಿಂದ ನಳಿಕೆ ಹಾಕ್ಬೇಕಾಗುತ್ತೆ. ಈ ವಯಸ್ಸಿಗೆ ಅದು ಅಷ್ಟು ಒಳ್ಳೇದಲ್ಲ," ಎಂದರು ಡಾಕ್ಟರಮ್ಮ.

ಲಾಯ್ಡ್ ಟೋಪಿ ತಿರುಗಿಸುತ್ತ ಕೂತಿದ್ದವರು ಎದ್ದು ಹೊರಟುಹೋದರು.

ಆಮೇಲಿನದನ್ನು ನನಗೆ ಬ್ಯಾಂಕಿನ ಸಾಲಿನಲ್ಲಿದ್ದವರೆಲ್ಲ ಹೇಳಿದ್ದಾರೆ, ಒಬ್ಬೊಬ್ಬರೂ ತಾವೇ ಎಲ್ಲರಿಗಿಂತ ಮುಂದಿದ್ದವರು ಎಂಬಂತೆ. ಪಿಂಚಣಿಯ ದಿನ, ಕಾರುಗಳು ರಸ್ತೆಯವರೆಗೂ ನಿಂತಿದ್ದವು. ಲಾಯ್ಡ್ ಪಿಕಪ್ಪನ್ನು ಸಾಲಿನ ಕೊನೆಯಲ್ಲಿ ಬಿಟ್ಟು, ಕಾರುಗಳ ಪಕ್ಕದಲ್ಲಿ ನಡೆದುಕೊಂಡೇ ಕಿಟಕಿಯ ಹತ್ತಿರ ಹೋದರು. ಸ್ಪೀಕರು ಗದರಿತು.

"ಲಾಯ್ಡ್, ಇಲ್ಲಿಗೆ ನಡ್ಕೊಂಡು ಬರೋ ಹಾಗಿಲ್ಲ. ಗಾಡಿ ಎಲ್ಲಿ?" ಆಮೇಲೆ ದನಿ ಬದಲಾಯಿತು. "ಅವನೆಲ್ಲಿ?"

"ಅವನು ಬಾಯಿಗೆ ಏನೂ ಮುಟ್ಟಿಸ್ತಿಲ್ಲ ವರ್ಲೀನ್. ಸ್ವಲ್ಪ ಬರ್ತೀರಾ?"

"ನಾನು ಬಂದು ಏನು ಮಾಡ್ಲಿ? ಬಿಸ್ಕತ್ತು ಕೊಡೋ ಹಾಗಿಲ್ಲ. ಅದಿಲ್ಲದೆ ನಾನು ಅವನಿಗೆ ಯಾರೂ ಅಲ್ಲ. ನೀವೇ ನೋಡಿದ್ರಲ್ಲ."

"ನಂಗೆ ಬೇರೆ ಯಾರೂ ತೋಚಲಿಲ್ಲ," ಎಂದರಂತೆ ಲಾಯ್ಡ್. ಹಾಗೆಂದು ಅಲ್ಲೇ ಅಷ್ಟು ಕಾರುಗಳ ಮುಂದೆ ಕಣ್ಣೊರೆಸಿಕೊಂಡರಂತೆ.

ವರ್ಲೀನ್ ಕಿಟಕಿಯಲ್ಲಿ 'ಮುಚ್ಚಿದೆ' ಎಂಬ ಹಲಗೆ ಇಟ್ಟು ಎದ್ದರು. ಪಿಂಚಣಿಯ ದಿನ. ಆದರೂ ಒಂದು ಕಾರೂ ಹಾರನ್ ಹೊಡೆಯಲಿಲ್ಲ.

ಅವರು ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತಾಗ ನನಗೆ ಗುರುತೇ ಸಿಗಲಿಲ್ಲ. ಎದೆಯಿಂದ ಕೆಳಗೂ ವರ್ಲೀನ್ ಇದ್ದರು, ನಾನಂದುಕೊಂಡದ್ದಕ್ಕಿಂತ ತುಂಬ ಕುಳ್ಳಗೆ. ಮೂಗು ಬಾಯಿ ಸೇರಿಸಿ ಶಾಲು ಬಿಗಿದುಕೊಂಡಿದ್ದರು, ಕೈಯಲ್ಲಿ ಉಬ್ಬಸದ ಪಂಪು. ಡಾಕ್ಟರಮ್ಮ ಬೇಡವೆಂದರು. ಅವರು ಆಗಲ್ಲವೆಂಬಂತೆ ತಲೆಯಾಡಿಸಿ ಒಳಗೆ ಹೋದರು.

ಡೆಪ್ಯುಟಿ ತಲೆ ಎತ್ತಿದ. ಎದುರು ನಿಂತ ಶೂಗಳನ್ನು ಮೂಸಿದ. ಆ ವಾಸನೆ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ, ಆ ಮುಖ ಶಾಲಿನೊಳಗಿತ್ತು. ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿ, ಮತ್ತೆ ಗೋಡೆಗೆ ತಿರುಗಿದ.

ವರ್ಲೀನ್ ಅಲ್ಲಾಡಲಿಲ್ಲ. ಅವರನ್ನು ಇಲ್ಲಿಯವರೆಗೆ ಕರೆಸಿ ಇದನ್ನು ತೋರಿಸಬೇಕಾಗಿತ್ತೇ ಎಂದು ನನಗೆ ಲಾಯ್ಡ್ ಮೇಲೂ ನನ್ನ ಮೇಲೂ, ಆ ನಾಯಿಯ ಮೇಲೂ ಕೋಪ ಬಂತು. ಅವರು ಮಾತಿಲ್ಲದೆ ಬಾಗಿಲಿನ ಕಡೆ ತಿರುಗಿದರು. ತಿರುಗುವಾಗ ಅವರ ಕಣ್ಣಿಗೆ ಬಿದ್ದದ್ದು ಬೋಳಿಸಿದ್ದ ಆ ಕಾಲು. ಶಾಲನ್ನು ಕೆಳಕ್ಕೆಳೆದುಕೊಂಡು ಲಾಯ್ಡ್ ಮೇಲೆ ಹರಿಹಾಯ್ದರು.

"ಏನ್ರೀ ಲಾಯ್ಡ್, ಈ ಚಳೀಲಿ ಅವನ ಕಾಲ ಮೇಲೆ ಒಂದು ಬಟ್ಟೆ ಹಾಕೋಕೂ ನಿಮ್ಗೆ ಗೊತ್ತಾಗಲ್ವಾ?"

ಡೆಪ್ಯುಟಿಯ ಕಿವಿ ನೆಟ್ಟಗಾಯಿತು. ಅವನು ಮೇಲೆ ಸೂರಿನ ಕಡೆ ನೋಡಿದ. ದೀಪದ ಕಡೆ ನೋಡಿದ, ಗೋಡೆಯ ಮೂಲೆಗಳನ್ನು ಹುಡುಕಿದ. ಆ ದನಿ ಇಷ್ಟು ವರ್ಷ ಅವನಿಗೆ ಮೇಲಿನ ಪೆಟ್ಟಿಗೆಯಿಂದಲೇ ಬರುತ್ತಿದ್ದದ್ದು.

"ಅಲ್ಲಲ್ಲ ರಾಜಾ, ಇಲ್ಲಿ," ಎಂದರು ವರ್ಲೀನ್. "ಇಲ್ಲಿದೀನಿ ನೋಡು."

ಅವನು ನೋಡಿದ. ಬಾಲ ನೆಲಕ್ಕೆ ಬಡಿಯತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ಪಕ್ಕದ ಗೂಡುಗಳ ನಾಯಿಗಳೆಲ್ಲ ಎದ್ದು ಕೂರುವಷ್ಟು ಜೋರಾಗಿ. ವರ್ಲೀನ್ ನೆಲದ ಮೇಲೇ ಕೂತರು. ನಾನು ತೂಗಿಟ್ಟಿದ್ದ ಆಹಾರದ ಬಟ್ಟಲನ್ನು ಅವರ ಕೈಗೆ ಕೊಟ್ಟೆ. ಅಂಗೈಯಲ್ಲಿ ನಾಲ್ಕಾರು ಕಾಳು ಇಟ್ಟು ಹಿಡಿದರು. ಅವನು ತಿಂದ. ಮತ್ತೆ ಹಿಡಿದರು, ಮತ್ತೆ ತಿಂದ. ಆ ದನಿ ಕೇಳಿ ಬಿಸ್ಕತ್ತಿನ ನೆನಪಾಗಿ ತಿಂದ ಎಂದು ಯಾರಾದರೂ ವಾದಿಸಬಹುದು. ವಾದಿಸಿಕೊಳ್ಳಲಿ. ಬಟ್ಟಲು ಖಾಲಿಯಾದ ಮೇಲೆ ಅವನು ಬಟ್ಟಲಿನ ಕಡೆ ತಿರುಗಿಯೂ ನೋಡಲಿಲ್ಲ. ಅವರ ತೊಡೆಯ ಮೇಲೆ ಗದ್ದ ಇಟ್ಟು, ಖಾಲಿ ಅಂಗೈಯನ್ನು ನೆಕ್ಕುತ್ತಲೇ ಇದ್ದ.

ಅಷ್ಟರಲ್ಲಿ ವರ್ಲೀನ್ ಕಣ್ಣು ಎರಡೂ ಊದಿಕೊಂಡು ಗೆರೆಯಂತಾಗಿದ್ದವು, ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ತೋಳು ಹಿಡಿದೆ. "ಸಾಕು, ಏಳಿ ವರ್ಲೀನ್. ಆಚೆ ಹೋಗೋಣ."

"ಸುಮ್ನಿರೇ, ಒಂದ್ನಿಮಿಷ," ಎಂದರು ಅವರು, ಕೈ ಹಿಂದಕ್ಕೆಳೆದುಕೊಳ್ಳದೆ. "ನಾಯಿ ನಾಲಿಗೆ ಇಷ್ಟು ಬೆಚ್ಚಗಿರುತ್ತೆ ಅಂತ ನಂಗೆ ಯಾರೂ ಹೇಳೇ ಇರಲಿಲ್ಲ."